ವಿಶೇಷ ಪಡೆಗಳ ತರಬೇತಿಗೆ ದೇಹ ಸಜ್ಜಾಗುವ ಬಗೆ

ಭಾರತೀಯ ಸೇನೆಯ ಪ್ಯಾರಾಶೂಟ್ ರೆಜಿಮೆಂಟಿನ ವಿಶೇಷ ಪಡೆಗೆ, ಅಂದರೆ ಪ್ಯಾರಾ ಎಸ್‌ಎಫ್‌ಗೆ, ಸೇರಬಯಸುವ ಸೈನಿಕ ಮೊದಲು ಸುಮಾರು ಮೂರು ತಿಂಗಳ ಪ್ರೊಬೇಷನ್ ದಾಟಬೇಕು. ಬೆನ್ನಿಗೆ ಭಾರ, ಕೈಯಲ್ಲಿ ಆಯುಧ ಹಿಡಿದು ಹತ್ತಾರು ಕಿಲೋಮೀಟರ್ ಸ್ಪೀಡ್ ಮಾರ್ಚ್, ನಿದ್ದೆಯಿಲ್ಲದ ರಾತ್ರಿಗಳು, ಅರೆಹೊಟ್ಟೆ, ಇವುಗಳ ನಡುವೆಯೇ ನಕಾಶೆ ಓದಿ ದಾರಿ ಹುಡುಕುವ, ನೋಡಿದ್ದನ್ನು ತಪ್ಪಿಲ್ಲದೆ ವರದಿ ಮಾಡುವ ಪರೀಕ್ಷೆಗಳು. ಬಂದವರಲ್ಲಿ ಹೆಚ್ಚಿನವರು ನಡುವೆಯೇ ಹಳೆಯ ಯೂನಿಟ್ಟಿಗೆ ಮರಳುತ್ತಾರೆ. ಬೇರೆ ದೇಶಗಳಲ್ಲೂ ಕತೆ ಇದೇ. ಅಮೆರಿಕದ ನೌಕಾಪಡೆಯ ಸೀಲ್ ತರಬೇತಿಯಲ್ಲಿ ‘ಹೆಲ್ ವೀಕ್’ ಎಂಬ ಐದೂವರೆ ದಿನಗಳ ಅವಧಿಯಲ್ಲಿ ಸಿಗುವ ಒಟ್ಟು ನಿದ್ದೆ ನಾಲ್ಕು ಗಂಟೆಯ ಆಸುಪಾಸು. ಬ್ರಿಟನ್ನಿನ ಎಸ್‌ಎಎಸ್ ಆಯ್ಕೆಯ ಕೊನೆಯ ನಡಿಗೆಯಲ್ಲಿ ವೇಲ್ಸ್‌ನ ಬ್ರೆಕನ್ ಬೆಟ್ಟಸಾಲಿನಲ್ಲಿ ಭಾರ ಹೊತ್ತು ಸುಮಾರು 64 ಕಿ.ಮೀ.ಯನ್ನು 20 ಗಂಟೆಯೊಳಗೆ ಕ್ರಮಿಸಬೇಕು.

ಭಾರತದಲ್ಲಿ ಈ ಪರಂಪರೆಗೆ ಅಷ್ಟೇನೂ ವಯಸ್ಸಾಗಿಲ್ಲ. 1965ರ ಯುದ್ಧದಲ್ಲಿ ಮೇಜರ್ ಮೇಘ್ ಸಿಂಗ್ ಕಟ್ಟಿದ ‘ಮೇಘದೂತ್ ಫೋರ್ಸ್’ ಶತ್ರುವಿನ ಗಡಿಯಾಚೆ ನಡೆಸಿದ ದಾಳಿಗಳ ಅನುಭವದಿಂದ ಮರುವರ್ಷ 9 ಪ್ಯಾರಾ ಕಮಾಂಡೊ ಬೆಟಾಲಿಯನ್ ಹುಟ್ಟಿತು. ನೌಕಾಪಡೆಯ ಮಾರ್ಕೋಸ್ 1987ರಲ್ಲಿ, ವಾಯುಪಡೆಯ ಗರುಡ್ 2004ರಲ್ಲಿ ಬಂದವು. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಪದಾತಿ ದಳದ ಕಮಾಂಡೊ ಕೋರ್ಸ್ ನಡೆಯುವುದು ಬೆಳಗಾವಿಯಲ್ಲಿ. ಯಾರೂ ಮನೆಯಿಂದ ಹೊರಟು ನೇರವಾಗಿ ಪ್ಯಾರಾ ಎಸ್‌ಎಫ್ ಕಮಾಂಡೊ ಆಗುವುದಿಲ್ಲ. ಜವಾನನಾಗಿಯೋ ಅಧಿಕಾರಿಯಾಗಿಯೋ ಸೇನೆ ಸೇರಿ, ಮೂಲ ತರಬೇತಿ ಮುಗಿಸಿ, ಆಮೇಲೆ ತಾನಾಗಿ ಮುಂದೆ ಬಂದು ಪ್ರೊಬೇಷನ್ನಿಗೆ ಒಡ್ಡಿಕೊಳ್ಳಬೇಕು. ಹದಿನೇಳು ವರ್ಷದ ಹುಡುಗನ ಮಟ್ಟಿಗೆ ಇದರ ಅರ್ಥ ಒಂದೇ: ಕೈಯಲ್ಲಿ ವರ್ಷಗಳಿವೆ, ವಾರಗಳಲ್ಲ.

ಈ ಮಾತು ಕಿವಿಗೆ ಬೀಳುವುದು ಕಡಿಮೆ. ಕಮಾಂಡೊ ತರಬೇತಿಯ ಬಗ್ಗೆ ಜನಪ್ರಿಯವಾಗಿರುವ ವಿಡಿಯೊಗಳೂ ಪುಸ್ತಕಗಳೂ ಮನಸ್ಸಿನ ಗಟ್ಟಿತನವನ್ನೇ ಹಾಡಿ ಹೊಗಳುತ್ತವೆ. ಮನಸ್ಸು ಬೇಕು, ನಿಜ. ಆದರೆ ಸೇನಾ ವೈದ್ಯಕೀಯದ ದಾಖಲೆಗಳನ್ನು ನೋಡಿದರೆ, ಮನಸ್ಸು ಸೋಲುವ ಮುನ್ನವೇ ಮೊಣಕಾಲ ಕೆಳಗಿನ ಎಲುಬು ಸೋತು ಹಿಂದಿರುಗಿದವರ ಸಾಲು ಉದ್ದವಾಗಿದೆ. ಕಾರಣ, ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಗಟ್ಟಿಯಾಗುವುದಿಲ್ಲ. ವ್ಯಾಯಾಮ ಶುರುಮಾಡಿದ ಒಂದೆರಡು ವಾರದಲ್ಲೇ ರಕ್ತದ ದ್ರವಭಾಗ ಹೆಚ್ಚಿ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳತೊಡಗುತ್ತದೆ. ಮೊದಲ ತಿಂಗಳಲ್ಲಿ ಬಲ ಏರುವುದು ಸ್ನಾಯು ದಪ್ಪಗಾದದ್ದಕ್ಕಿಂತ ಹೆಚ್ಚಾಗಿ ನರಗಳು ಅದನ್ನು ಚೆನ್ನಾಗಿ ದುಡಿಸಿಕೊಳ್ಳಲು ಕಲಿತದ್ದರಿಂದ. ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಎಲುಬಿಗೆ ಇನ್ನೂ ಹೆಚ್ಚು. ಎದೆ ‘ಓಡು’ ಎನ್ನುವಾಗ ಕಾಲಿನ ಎಲುಬು ಇನ್ನೂ ತಯಾರಾಗಿರುವುದಿಲ್ಲ. ಅಪಾಯವೆಲ್ಲ ಈ ಅಂತರದಲ್ಲಿದೆ. ಸಿದ್ಧತೆಯ ವೇಳಾಪಟ್ಟಿಯನ್ನು ಎಲುಬಿನ ಲೆಕ್ಕದಲ್ಲಿ ಹಾಕಬೇಕೇ ಹೊರತು ಉಸಿರಿನ ಲೆಕ್ಕದಲ್ಲಿ ಅಲ್ಲ.

ಎಲುಬು ಕರಗಿ ಕಟ್ಟಿಕೊಳ್ಳುವ ಪರಿ

1855ರಲ್ಲಿ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ ಒಂದು ವಿಚಿತ್ರವನ್ನು ದಾಖಲಿಸಿದ. ಏಟು ಬಿದ್ದಿಲ್ಲ, ಎಡವಿಲ್ಲ. ಆದರೂ ದೂರ ನಡೆದ ಸೈನಿಕರ ಪಾದ ಊದಿಕೊಂಡು ಹೆಜ್ಜೆ ಊರಲಾಗುತ್ತಿರಲಿಲ್ಲ. ಎಕ್ಸ್-ರೇ ಬಂದ ಮೇಲೆ ಅದು ಪಾದದ ಸಣ್ಣ ಎಲುಬುಗಳ ಬಿರುಕು ಎಂಬುದು ತಿಳಿಯಿತು. ಇಂದು ಇದಕ್ಕೆ ಸ್ಟ್ರೆಸ್ ಫ್ರಾಕ್ಚರ್ ಎನ್ನುತ್ತಾರೆ.

ಎಲುಬು ಜೀವಂತ ಅಂಗಾಂಶ. ಹೊಸ ಬಗೆಯ ಹೊರೆ ಬಿದ್ದಾಗ ಅದು ತನ್ನನ್ನು ಮರುನಿರ್ಮಿಸಿಕೊಳ್ಳುತ್ತದೆ. ಆದರೆ ಮೊದಲ ಕೆಲಸ ಕೆಡವುವುದು: ಒಂದು ಜಾತಿಯ ಕೋಶಗಳು ಹಳೆಯ, ದಣಿದ ಎಲುಬನ್ನು ಕರಗಿಸಿ ಸೂಕ್ಷ್ಮ ಕುಳಿಗಳನ್ನು ತೋಡುತ್ತವೆ. ಇದಕ್ಕೆ ಸುಮಾರು ಮೂರು ವಾರ. ಆ ಕುಳಿಗಳನ್ನು ಇನ್ನೊಂದು ಜಾತಿಯ ಕೋಶಗಳು ಹೊಸ ಎಲುಬಿನಿಂದ ತುಂಬಲು ಮೂರು ತಿಂಗಳ ಆಸುಪಾಸು. ತುಂಬಿದ್ದರಲ್ಲಿ ಖನಿಜಾಂಶ ಪೂರ್ತಿ ಕೂಡಲು ಮತ್ತೂ ಕೆಲವು ತಿಂಗಳು. ಹಾಗಾಗಿ ತೀವ್ರ ಅಭ್ಯಾಸ ಆರಂಭಿಸಿದ ಮೂರನೇ ನಾಲ್ಕನೇ ವಾರದ ಹೊತ್ತಿಗೆ ಎಲುಬು ಮೊದಲಿಗಿಂತ ದುರ್ಬಲವಾಗಿರುತ್ತದೆ. ಉಸಿರು ಹತೋಟಿಗೆ ಬಂದು ಓಟಗಾರ ‘ಈಗ ಹುರುಪು ಬಂತು’ ಎಂದು ದೂರ ಹೆಚ್ಚಿಸುವುದೂ ಸರಿಯಾಗಿ ಆಗಲೇ. ಓಟದಲ್ಲಿ ಪ್ರತಿ ಹೆಜ್ಜೆಗೆ ನೆಲದಿಂದ ಮರಳುವ ಬಲ ದೇಹತೂಕದ ಎರಡರಿಂದ ಮೂರು ಪಟ್ಟು. ಕಿಲೋಮೀಟರಿಗೆ ಹೆಜ್ಜೆಗಳು ಸುಮಾರು ಸಾವಿರ.

ಅಪಾಯವನ್ನು ಬೆರಳ ತುದಿಯಲ್ಲೇ ಅಂದಾಜು ಮಾಡಬಹುದು. ಮೊಣಕಾಲಿನಿಂದ ಪಾದದ ಗಂಟಿನವರೆಗೆ ಕಾಲಿನ ಮುಂಭಾಗದ ಎಲುಬಿನ ಒಳಅಂಚನ್ನು ಒತ್ತುತ್ತ ಇಳಿಯಬೇಕು. ನೋವು ಗೇಣುದ್ದ ಹರಡಿಕೊಂಡಿದ್ದರೆ ಅದು ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್. ಓಟ ಕಡಿಮೆ ಮಾಡಿದರೆ ಇಳಿಯುತ್ತದೆ. ಒಂದು ನಾಣ್ಯದಗಲದ ಜಾಗದಲ್ಲಿ ಮಾತ್ರ ಚುಚ್ಚಿದಂತಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಒಂಟಿ ಕಾಲಲ್ಲಿ ಕುಪ್ಪಳಿಸಿದೊಡನೆ ಅಲ್ಲೇ ಸೆಳೆದರೆ ಬಿರುಕಿನ ಅನುಮಾನ. ಮೊದಲ ಎರಡು ಮೂರು ವಾರ ಎಕ್ಸ್-ರೇಯಲ್ಲಿ ಇದು ಕಾಣದಿರುವುದೇ ಹೆಚ್ಚು, ಎಂಆರ್‌ಐನಲ್ಲಿ ಕಾಣುತ್ತದೆ. ‘ಎಕ್ಸ್-ರೇ ಸರಿಯಿದೆ’ ಎಂದು ಮರುದಿನವೇ ಓಡಿ ಬಿರುಕನ್ನು ಪೂರ್ತಿ ಮುರಿತವಾಗಿಸಿಕೊಂಡವರಿದ್ದಾರೆ. ತೊಡೆಸಂದಿಯಲ್ಲಿ ಹೀಗೆ ನೋವು ಬಂದರಂತೂ ಒಂದು ದಿನವೂ ಕಾಯಬಾರದು. ತೊಡೆಯೆಲುಬಿನ ಕತ್ತಿನ ಬಿರುಕು ಶಸ್ತ್ರಚಿಕಿತ್ಸೆಗೆ ಹೋಗಿ ನಿಲ್ಲಬಹುದು.

ಈ ವಿಷಯದಲ್ಲಿ ಹೆಚ್ಚು ಕೆಲಸ ನಡೆದಿರುವುದು ಇಸ್ರೇಲಿನಲ್ಲಿ. ಅಲ್ಲಿನ ಮೂಳೆ ವೈದ್ಯ ಚಾರ್ಲ್ಸ್ ಮಿಲ್‌ಗ್ರೋಮ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಪದಾತಿ ದಳದ ಹೊಸಬರನ್ನು ಹಿಂಬಾಲಿಸಿದಾಗ ನೂರಕ್ಕೆ ಸುಮಾರು 31 ಮಂದಿಗೆ ಬಿರುಕು ಬಿಟ್ಟಿತ್ತು. ಸೇನೆಗೆ ಬರುವ ಮುನ್ನ ಬರೀ ಓಡುತ್ತಿದ್ದವರಿಗೆ ವಿಶೇಷ ರಕ್ಷಣೆಯೇನೂ ಕಾಣಲಿಲ್ಲ. ಎರಡು ವರ್ಷವಾದರೂ ಚೆಂಡಾಟ, ಮುಖ್ಯವಾಗಿ ಬ್ಯಾಸ್ಕೆಟ್‌ಬಾಲ್, ಆಡಿದವರಲ್ಲಿ ಬಿರುಕು ಗಣನೀಯವಾಗಿ ಕಡಿಮೆಯಿತ್ತು. ಜಿಗಿತ, ಥಟ್ಟನೆ ತಿರುಗುವುದು, ನಿಂತು ಮತ್ತೆ ಓಡುವುದು ಎಲುಬನ್ನು ಹಲವು ದಿಕ್ಕಿನಿಂದ ಬಾಗಿಸುತ್ತವೆ, ಎಲುಬು ಹಲವು ದಿಕ್ಕಿಗೆ ಗಟ್ಟಿಯಾಗುತ್ತದೆ. ನೇರ ಓಟದಲ್ಲಿ ಒಂದೇ ಬಗೆಯ ಬಾಗು. ಕಬಡ್ಡಿ, ಖೋಖೋ ಆಡುವ ಹೈಸ್ಕೂಲು ಹುಡುಗರಿಗೂ ಹುಡುಗಿಯರಿಗೂ ಈ ತಿರುವು ಜಿಗಿತಗಳು ದಂಡಿಯಾಗಿ ಸಿಗುತ್ತವೆ. ಸೈನ್ಯಕ್ಕೆ ಸೇರುವ ಗುರಿಯಿಟ್ಟುಕೊಂಡು ಆಟ ಬಿಟ್ಟು ಬರೀ ಡಾಂಬರು ರಸ್ತೆಯ ಓಟಕ್ಕಿಳಿಯುವುದು, ಈ ಲೆಕ್ಕದಲ್ಲಿ, ಹಿಂದಡಿ. ಇಸ್ರೇಲ್ ಸೇನೆಯಲ್ಲೇ ಮುಂದೆ ಮಾರ್ಚಿಂಗ್ ದೂರವನ್ನು ತಗ್ಗಿಸಿ, ರಾತ್ರಿ ಕನಿಷ್ಠ ಆರು ಗಂಟೆ ನಿದ್ದೆಯನ್ನು ಕಡ್ಡಾಯ ಮಾಡಿದ ತುಕಡಿಗಳಲ್ಲಿ ಬಿರುಕುಗಳ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು.

ಹದಿಹರೆಯದಲ್ಲಿ ಇನ್ನೊಂದು ತೊಡಕಿದೆ. ಉದ್ದನೆಯ ಎಲುಬುಗಳ ತುದಿಯ ಬೆಳವಣಿಗೆಯ ಪಟ್ಟಿ ಇನ್ನೂ ಮೃದು. ಮೊಣಕಾಲ ಚಿಪ್ಪಿನ ಕೆಳಗೆ ಉಬ್ಬು ಬಂದು ನೋಯುವ ಆಸ್‌ಗುಡ್-ಶ್ಲಾಟರ್ ತೊಂದರೆ ಓಡಿ ಜಿಗಿಯುವ ಮಕ್ಕಳಲ್ಲಿ ಸಾಮಾನ್ಯ. ಈ ವಯಸ್ಸಿನಲ್ಲಿ ಬೆನ್ನಿಗೆ ಮರಳುಮೂಟೆ ಕಟ್ಟುವ ಅಗತ್ಯವೇ ಇಲ್ಲ.

ಓಟ: ನಿಧಾನದ ಪಾಲೇ ಹೆಚ್ಚು

ಸೇನಾ ಭರ್ತಿ ರ‍್ಯಾಲಿಯಲ್ಲಿ 1.6 ಕಿ.ಮೀ. ಓಟಕ್ಕೆ ಪೂರ್ಣ ಅಂಕ ಬೇಕೆಂದರೆ 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಉತ್ತರ ಕರ್ನಾಟಕದ ಹೆದ್ದಾರಿಗಳಲ್ಲಿ ನಸುಕಿಗೇ ಓಡುವ ಹುಡುಗರಲ್ಲಿ ಹಲವರ ಅಭ್ಯಾಸವೆಲ್ಲ ಈ ಒಂದು ಅಂಕಿಯ ಸುತ್ತಲೇ ಸುತ್ತುತ್ತದೆ: ದಿನವೂ ಅಷ್ಟೇ ದೂರ, ದಿನವೂ ಜೀವ ಬಿಟ್ಟು ಓಟ. ಭರ್ತಿಗೆ ಇದು ಸಾಕಾಗಬಹುದು. ದಿನಗಟ್ಟಲೆ ಎಡೆಬಿಡದೆ ದುಡಿಯಬೇಕಾದ ದೇಹಕ್ಕೆ ಸಾಲದು.

ದೀರ್ಘ ದುಡಿಮೆಗೆ ಇಂಧನ ಒದಗಿಸುವುದು ಸ್ನಾಯುಕೋಶದೊಳಗಿನ ಮೈಟೊಕಾಂಡ್ರಿಯಗಳು. 1967ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಹೊಲೊಸಿ ಇಲಿಗಳನ್ನು ವಾರಗಟ್ಟಲೆ ಟ್ರೆಡ್‌ಮಿಲ್ ಮೇಲೆ ಓಡಿಸಿ, ಅವುಗಳ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯದ ಕಿಣ್ವಗಳು ಸುಮಾರು ಇಮ್ಮಡಿಯಾದದ್ದನ್ನು ತೋರಿಸಿದರು. ಕೊಬ್ಬನ್ನು ಉರಿಸಿ ಗಂಟೆಗಟ್ಟಲೆ ನಡೆಯುವ ಶಕ್ತಿ ಬರುವುದು ಈ ಬದಲಾವಣೆಯಿಂದ. ಅದನ್ನು ಎಲುಬಿಗೆ ಹೆಚ್ಚು ಏಟು ಕೊಡದೆ ತರುವ ದಾರಿ ನಿಧಾನದ ದೀರ್ಘ ಓಟ. ಎಷ್ಟು ನಿಧಾನ? ಪಕ್ಕದಲ್ಲಿ ಓಡುವವನ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತಾಡುವಷ್ಟು. ಮಾತು ತುಂಡಾದರೆ ವೇಗ ಹೆಚ್ಚಾಯಿತು. ವಾರದ ಓಟದಲ್ಲಿ ಮುಕ್ಕಾಲು ಪಾಲಾದರೂ ಹೀಗಿರಬೇಕು. ಉಳಿದ ಪಾಲಿನಲ್ಲಿ 400, 800 ಮೀಟರಿನ ಬಿರುಸು ಓಟಗಳು, ನಡುವೆ ವಿರಾಮ. ಹುಮ್ಮಸ್ಸಿನ ಹುಡುಗರನ್ನು ನಿಧಾನವಾಗಿ ಓಡಿಸುವುದೇ ಕಷ್ಟ, ಜೋರಾಗಿ ಓಡಿಸುವುದಲ್ಲ. ಮಣ್ಣಿನ ಹಾದಿ, ಕೆರೆ ಏರಿ, ಗುಡ್ಡದ ಏರಿಳಿತಗಳು ಡಾಂಬರಿಗಿಂತ ಮೇಲು. ಪಾದದ ಗಂಟಿನ ಸುತ್ತಲಿನ ಸಣ್ಣ ಸ್ನಾಯುಗಳಿಗೂ ಕೆಲಸ ಸಿಗುತ್ತದೆ.

ಬೆನ್ನ ಮೇಲಿನ ಭಾರ

ಅಮೆರಿಕದ ಸೇನೆಯ ವಿಶೇಷ ಪಡೆ ಆಯ್ಕೆಗೆ ಬಂದವರ ಮೇಲೆ ನಡೆದ ಅಧ್ಯಯನಗಳಲ್ಲಿ, ಯಾರು ತೇರ್ಗಡೆಯಾಗುತ್ತಾರೆಂದು ಊಹಿಸಲು ನೆರವಾದ ಮುಖ್ಯ ಅಳತೆಗಳು ಓಟದ ಸಮಯ ಮತ್ತು ಭಾರ ಹೊತ್ತು ನಡೆದ ಸಮಯ. ಎದೆಯ ಸುತ್ತಳತೆಗೆ ಅಲ್ಲಿ ಅಂಥ ಬೆಲೆಯಿಲ್ಲ.

ಭಾರ ಹೊತ್ತ ನಡಿಗೆಗೆ ತಗಲುವ ಶಕ್ತಿಯನ್ನು ಲೆಕ್ಕ ಹಾಕುವ ಸೂತ್ರವನ್ನು 1977ರಲ್ಲಿ ಕೆಂಟ್ ಪ್ಯಾಂಡಾಲ್ಫ್ ಮತ್ತು ಸಂಗಡಿಗರು ಕೊಟ್ಟರು. ದೇಹತೂಕ, ಹೊರೆ, ವೇಗ, ಏರು, ಇವುಗಳ ಜೊತೆ ನೆಲದ ಬಗೆಗೂ ಅದರಲ್ಲಿ ಒಂದು ಅಂಕಿಯಿದೆ: ಡಾಂಬರಿಗೆ 1.0, ಮಣ್ಣಿನ ರಸ್ತೆಗೆ 1.1, ದಟ್ಟ ಪೊದೆಗೆ 1.5, ಸಡಿಲ ಮರಳಿಗೆ 2.1. ಡಾಂಬರಿನ ಮೇಲೆ ಸಲೀಸಾಗಿ 10 ಕಿ.ಮೀ. ನಡೆದವನು ಮರಳಿನಲ್ಲಿ ಅದೇ ವೇಗಕ್ಕೆ ಹಾತೊರೆದರೆ ಬೇಗ ಸುಸ್ತಾಗುವುದು ಇದರಿಂದಲೇ.

ಹದಿನೆಂಟು ತುಂಬಿದ ಮೇಲೆ, ಆರು ತಿಂಗಳಾದರೂ ಭಾರವಿಲ್ಲದ ಓಟ ನಡಿಗೆ ಮಾಡಿದ ಮೇಲೆ ಹೊರೆ ಶುರುವಾಗಬಹುದು. ಆರಂಭ ದೇಹತೂಕದ ಹತ್ತನೇ ಒಂದು ಭಾಗ, ಅಂದರೆ 65 ಕಿಲೋ ತೂಗುವವನಿಗೆ ಆರೇಳು ಕಿಲೋ. ವಾರಕ್ಕೆ ಒಂದೇ ಸಲ, ಐದಾರು ಕಿ.ಮೀ. ತೂಕ ಏರಿಸಿದ ವಾರ ದೂರ ಏರಿಸಬಾರದು, ದೂರ ಏರಿಸಿದ ವಾರ ತೂಕ. ಮೂರು ವಾರ ಏರಿಸಿ ನಾಲ್ಕನೆಯ ವಾರ ಇಳಿಸಬೇಕು. ಭಾರ ಹೊತ್ತು ಓಡುವುದು ಸಿನಿಮಾದಲ್ಲಿ ಚೆಂದ. ಅಭ್ಯಾಸದಲ್ಲಿ ಬಿರುಸಿನ ನಡಿಗೆಯೇ ಸಾಕು. ಆಯ್ಕೆಯಲ್ಲಿ ಹೊರಬೇಕಾದ ಪೂರ್ತಿ ತೂಕವನ್ನು ಮನೆಯಲ್ಲಿ ಹೊತ್ತು ತೋರಿಸಬೇಕಿಲ್ಲ.

ಚೀಲ ತುಂಬುವುದಕ್ಕೂ ಕ್ರಮವಿದೆ. ಮರಳನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಹಳೆಯ ಕಂಬಳಿಯಲ್ಲಿ ಸುತ್ತಿ, ಹೆಗಲೆಲುಬುಗಳ ನಡುವೆ ಬೆನ್ನಿಗೆ ಆತುಕೊಳ್ಳುವಂತೆ ಎತ್ತರದಲ್ಲಿ ಕೂರಿಸಬೇಕು, ತಳದಲ್ಲಿ ಬಟ್ಟೆಬರೆ. ಭಾರ ತಳಕ್ಕೆ ಜಾರಿದರೆ ಚೀಲ ಹಿಂದಕ್ಕೆಳೆಯುತ್ತದೆ, ನಡೆಯುವವನು ಸೊಂಟ ಬಗ್ಗಿಸುತ್ತಾನೆ, ಒಂದು ಗಂಟೆಯೊಳಗೆ ಬೆನ್ನು ಹಿಡಿಯುತ್ತದೆ. ಪಟ್ಟಿ ಹೆಗಲನ್ನು ಕೊರೆದು ಕೈಬೆರಳು ಜುಮ್ಮೆಂದರೆ ನರ ಒತ್ತಿದೆ ಎಂದರ್ಥ. ಸೊಂಟದ ಪಟ್ಟಿ ಬಿಗಿದು ಭಾರ ಹಂಚಬೇಕು. ಪಾದಕ್ಕೆ ಒಳಗೆ ತೆಳ್ಳನೆಯ ಪಾಲಿಯೆಸ್ಟರ್ ಕಾಲುಚೀಲ, ಹೊರಗೆ ದಪ್ಪ ಉಣ್ಣೆಯದು ಹಾಕಿದರೆ ಚರ್ಮದ ಬದಲು ಎರಡು ಕಾಲುಚೀಲಗಳು ಪರಸ್ಪರ ಉಜ್ಜುತ್ತವೆ, ನೀರುಗುಳ್ಳೆ ಕಡಿಮೆಯಾಗುತ್ತದೆ. ಹೊಸ ಬೂಟನ್ನು ಆಯ್ಕೆಯ ವಾರದಲ್ಲಿ ಮೊದಲ ಸಲ ತೊಟ್ಟವನ ಪಾಡು ಹೇಳತೀರದು.

ಬಲದ ಅಭ್ಯಾಸಕ್ಕೆ ಜಿಮ್ ಬೇಕೇ ಬೇಕೆಂದಿಲ್ಲ. ಸೇನೆಯ ಬ್ಯಾಟಲ್ ಫಿಸಿಕಲ್ ಎಫಿಶಿಯೆನ್ಸಿ ಟೆಸ್ಟ್‌ನಲ್ಲಿ ಆಯುಧ, ಚೀಲ ಸಮೇತ 5 ಕಿ.ಮೀ. ಓಟ, 9 ಅಡಿ ಹಳ್ಳ ಹಾರುವುದು, ಹಗ್ಗ ಹತ್ತುವುದು ಇವೆ. ಗರಡಿಮನೆಯ ದಂಡ, ಬಸ್ಕಿ, ಪುಲ್‌ಅಪ್, ಹಗ್ಗ, ಒಂದೊಂದೇ ಕಾಲಲ್ಲಿ ಎತ್ತರದ ಮೆಟ್ಟಿಲು ಹತ್ತುವುದು ವಾರಕ್ಕೆ ಎರಡು ಮೂರು ಸಲವಾದರೆ ಸಾಕು. ಮೀನಖಂಡವನ್ನು ಬಲಪಡಿಸಲು ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಏರಿಸಿ ಇಳಿಸುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಸ್ಟೀರಾಯ್ಡ್‌ಗಳ ವಿಷಯಕ್ಕೆ ಬಂದರೆ, ಅವು ಸ್ನಾಯುವನ್ನು ಬೇಗ ಹಿಗ್ಗಿಸುತ್ತವೆ, ರಜ್ಜು ಎಲುಬುಗಳು ಹಿಂದೆ ಬೀಳುತ್ತವೆ. ವೃಷಣಗಳು ತಾವಾಗಿ ಟೆಸ್ಟೊಸ್ಟೆರಾನ್ ತಯಾರಿಸುವುದನ್ನು ನಿಲ್ಲಿಸುತ್ತವೆ. ಹದಿಹರೆಯದಲ್ಲಾದರೆ ಬೆಳವಣಿಗೆಯ ಪಟ್ಟಿ ಬೇಗ ಮುಚ್ಚಿ ಎತ್ತರವೇ ನಿಂತುಹೋಗಬಹುದು.

ನೀರು, ಬಿಸಿಲು

ಮಾರ್ಕೋಸ್‌ಗೆ ಈಜು ಅನಿವಾರ್ಯ, ಉಳಿದ ಪಡೆಗಳಲ್ಲೂ ಬೇಕು. ಬಟ್ಟೆ ತೊಟ್ಟು ಈಜುವುದು, ಗಾಬರಿಯಾಗದೆ ತೇಲುವುದು, ಇವು ಬಲಕ್ಕಿಂತ ಕೌಶಲದ ಕೆಲಸ. ಒಳ್ಳೆಯ ಕೋಚ್ ಬಳಿ ಕಲಿಯಬೇಕು. ನೀರಿನಡಿ ಉಸಿರು ಕಟ್ಟುವ ಆಟವನ್ನು ಮಾತ್ರ ಒಬ್ಬೊಬ್ಬರೇ ಆಡಲೇಬಾರದು. ‘ಇನ್ನು ಉಸಿರು ಬೇಕು’ ಎಂಬ ತುರ್ತು ಹುಟ್ಟುವುದು ಆಮ್ಲಜನಕ ಇಳಿದದ್ದರಿಂದಲ್ಲ, ಇಂಗಾಲದ ಡೈಆಕ್ಸೈಡ್ ಏರಿದ್ದರಿಂದ. ಮುಳುಗುವ ಮುನ್ನ ಜೋರಾಗಿ ಹತ್ತಾರು ಸಲ ಉಸಿರಾಡಿದವನ ರಕ್ತದಲ್ಲಿ ಆ ಅನಿಲ ಮೊದಲೇ ಖಾಲಿಯಾಗಿರುತ್ತದೆ. ಎಚ್ಚರಿಕೆಯ ಗಂಟೆ ಬಾರಿಸುವ ಮುನ್ನವೇ ಮಿದುಳಿನ ಆಮ್ಲಜನಕ ತಳ ಸೇರಿ, ಒದ್ದಾಟವಿಲ್ಲದೆ ಪ್ರಜ್ಞೆ ತಪ್ಪುತ್ತದೆ. ಎದೆಮಟ್ಟದ ನೀರಿನಲ್ಲಿ, ನುರಿತ ಈಜುಗಾರರೇ ಹೀಗೆ ಸತ್ತಿದ್ದಾರೆ.

2013ರ ಜುಲೈಯಲ್ಲಿ ಬ್ರೆಕನ್ ಬೆಟ್ಟಗಳಲ್ಲಿ ಎಸ್‌ಎಎಸ್ ಮೀಸಲು ಪಡೆಯ ಆಯ್ಕೆಯ ನಡಿಗೆಯ ವೇಳೆ ಬಿಸಿಲಿನ ಹೊಡೆತಕ್ಕೆ ಸಿಕ್ಕಿ ಮೂವರು ತೀರಿಕೊಂಡರು. ತಂಪು ದೇಶದಲ್ಲೇ ಹೀಗಾದರೆ ರಾಯಚೂರಿನ ಏಪ್ರಿಲ್ ಬಗ್ಗೆ ಹೇಳುವುದೇ ಬೇಡ. ದುಡಿಯುವ ಸ್ನಾಯು ಶಾಖ ಹುಟ್ಟಿಸುತ್ತದೆ; ಬೆವರು ಆರದಿದ್ದರೆ ಒಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮಾತು ತೊದಲುವುದು, ಅಡ್ಡಾದಿಡ್ಡಿ ನಡಿಗೆ, ವಿನಾಕಾರಣ ಸಿಟ್ಟು ಮೊದಲ ಸೂಚನೆಗಳು. ಆಗ ಮಾಡಬೇಕಾದ್ದು ಆಸ್ಪತ್ರೆಗೆ ಓಡುವುದಕ್ಕೂ ಮುಂಚೆ ಅಲ್ಲೇ ತಣ್ಣೀರಿನಲ್ಲಿ ಮುಳುಗಿಸಿ ಮೈ ತಂಪು ಮಾಡುವುದು. ದೇಹ ಬಿಸಿಲಿಗೆ ಒಗ್ಗಲು 10ರಿಂದ 14 ದಿನ ಸಾಕು, ಆದರೆ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ. ಒಗ್ಗಿದ ದೇಹ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನು ಕಡಿಮೆ ಕಳೆಯುತ್ತದೆ.

ನೀರು ಹೆಚ್ಚು ಕುಡಿದಷ್ಟೂ ಒಳ್ಳೆಯದೆಂಬುದೂ ತಪ್ಪು. ರಕ್ತದ ಸೋಡಿಯಂ ತೆಳುವಾಗಿ ಮಿದುಳು ಊದಿ ಸಾವು ಸಂಭವಿಸಿದ್ದರಿಂದ ಅಮೆರಿಕದ ಸೇನೆ 1998ರಲ್ಲಿ ಗಂಟೆಗೆ ಸುಮಾರು 1.4 ಲೀಟರಿನ ಗರಿಷ್ಠ ಮಿತಿ ಹಾಕಿತು. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ಇಲ್ಲಿ ಬರೀ ನೀರಿಗಿಂತ ಮೇಲು. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಸ್ನಾಯುಗಳು ಒಡೆದು ಅವುಗಳ ಪ್ರೋಟೀನ್ ಮೂತ್ರಪಿಂಡ ಸೇರುತ್ತಿದೆ ಎಂದರ್ಥ. ಅದು ತುರ್ತು ಚಿಕಿತ್ಸೆಯ ವಿಷಯ. ಕುಡಗೋಲು ಕಣದ (ಸಿಕಲ್ ಸೆಲ್) ಗುಣ ಒಂದೇ ಪಾಲಕರಿಂದ ಬಂದವರಿಗೆ ಈ ಅಪಾಯ ಹೆಚ್ಚು. ಅವರು ದಿನನಿತ್ಯದ ಬದುಕಿನಲ್ಲಿ ಪೂರ್ತಿ ಆರೋಗ್ಯವಾಗಿರುವುದರಿಂದ ಗೊತ್ತೇ ಆಗುವುದಿಲ್ಲ. ಚಾಮರಾಜನಗರ, ಕೊಡಗು, ನೀಲಗಿರಿಯ ಬುಡಕಟ್ಟು ಸಮುದಾಯಗಳಲ್ಲಿ ಈ ಗುಣ ಇರುವುದರಿಂದ ಅಲ್ಲಿನ ಯುವಕರು ಕಠಿಣ ಅಭ್ಯಾಸಕ್ಕೆ ಮುನ್ನ ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಊಟ, ಮನಸ್ಸು, ನಿದ್ದೆ

1990ರ ದಶಕದ ಆರಂಭದಲ್ಲಿ ಅಮೆರಿಕದ ರೇಂಜರ್ ಶಾಲೆಯ ಎರಡು ತಿಂಗಳ ಕೋರ್ಸನ್ನು ವಿಜ್ಞಾನಿಗಳು ಅಳೆದಾಗ, ತರಬೇತಿ ಪಡೆದವರು ಸರಾಸರಿ ದೇಹತೂಕದ ಆರನೇ ಒಂದು ಭಾಗ ಕಳೆದುಕೊಂಡಿದ್ದರು, ಟೆಸ್ಟೊಸ್ಟೆರಾನ್ ಪಾತಾಳಕ್ಕಿಳಿದಿತ್ತು. ಇದನ್ನು ಓದಿ ಮನೆಯಲ್ಲೂ ಹಸಿದು ಅಭ್ಯಾಸ ಮಾಡಬೇಕೆಂದುಕೊಳ್ಳುವುದು ಅಪಾರ್ಥ. ಹಸಿವಿಗೆ ಎಲುಬು ಒಗ್ಗುವುದಿಲ್ಲ, ಸವೆಯುತ್ತದೆ. ಹೆಣ್ಣುಮಕ್ಕಳಲ್ಲಿ ಕಠಿಣ ಅಭ್ಯಾಸದ ವೇಳೆ ಮುಟ್ಟು ನಿಂತರೆ ಅದು ಊಟ ಸಾಲದೆಂಬ, ಎಲುಬು ಸವೆಯುತ್ತಿದೆಯೆಂಬ ಸೂಚನೆ. ಸಿದ್ಧತೆಯ ತಿಂಗಳುಗಳಲ್ಲಿ ಹೊಟ್ಟೆತುಂಬ ಉಣ್ಣಬೇಕು: ದೇಹತೂಕದ ಕಿಲೋಗೆ ಒಂದೂವರೆ ಗ್ರಾಂ ಆಸುಪಾಸು ಪ್ರೋಟೀನ್, ಬೇಳೆಕಾಳು, ಮೊಟ್ಟೆ, ಹಾಲು, ಮೀನು. ಅಮೆರಿಕದ ನೌಕಾಪಡೆಯ ಮಹಿಳಾ ಅಭ್ಯರ್ಥಿಗಳಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟ ಪ್ರಯೋಗದಲ್ಲಿ ಸ್ಟ್ರೆಸ್ ಫ್ರಾಕ್ಚರ್‌ಗಳು ಸುಮಾರು ಐದನೇ ಒಂದು ಭಾಗ ಕಡಿಮೆಯಾದವು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಮುದ್ದೆ ಉಣ್ಣುವ ನಾಡಿಗೆ ಇದು ಸುಲಭದ ದಾರಿ.

ಮನಸ್ಸಿನ ಗಟ್ಟಿತನಕ್ಕೂ ದೇಹದಲ್ಲಿ ಬೇರಿದೆ. ಯೇಲ್ ವಿಶ್ವವಿದ್ಯಾಲಯದ ಮನೋವೈದ್ಯ ಚಾರ್ಲ್ಸ್ ಮಾರ್ಗನ್ 2000ದ ಸುಮಾರಿಗೆ, ಸೆರೆಸಿಕ್ಕಾಗ ಹೇಗೆ ತಾಳಬೇಕೆಂದು ಕಲಿಸುವ ತರಬೇತಿಯಲ್ಲಿದ್ದ ಸೈನಿಕರ ರಕ್ತ ಪರೀಕ್ಷಿಸಿದರು. ಹುಸಿ ವಿಚಾರಣೆಯ ಒತ್ತಡದಲ್ಲಿ ನ್ಯೂರೋಪೆಪ್ಟೈಡ್ ವೈ ಎಂಬ ರಾಸಾಯನಿಕ ವಿಶೇಷ ಪಡೆಯವರಲ್ಲಿ ಉಳಿದವರಿಗಿಂತ ಹೆಚ್ಚು ಏರಿತು. ಒಂದು ದಿನದೊಳಗೆ ಮೊದಲಿನ ಮಟ್ಟಕ್ಕೆ ಮರಳಿಯೂ ಬಿಟ್ಟಿತು. ಹೆದರಿಕೆ ಅವರಿಗೂ ಆಗಿತ್ತು, ಚೇತರಿಕೆ ಬೇಗ ಬಂತು. ಇದರಲ್ಲಿ ಹುಟ್ಟುಗುಣದ ಪಾಲೂ ಇರಬಹುದು. ಕಲಿಯಬಹುದಾದ ಕೌಶಲಗಳೂ ಇವೆ: ಉಸಿರನ್ನು ಉದ್ದ ಬಿಟ್ಟು ಎದೆಬಡಿತ ಇಳಿಸುವುದು, ಇಡೀ ವಾರವನ್ನು ನೆನೆಯದೆ ಮುಂದಿನ ಊಟದವರೆಗೆ ಮಾತ್ರ ಲೆಕ್ಕ ಹಾಕುವುದು, ದಣಿದಾಗ ನಕಾಶೆ ಓದುವುದು. ಕೊನೆಯದಂತೂ ಮನೆಯಲ್ಲೇ ಸಾಧ್ಯ. ಉದ್ದನೆಯ ನಡಿಗೆ ಮುಗಿದ ಕೂಡಲೇ, ಬೂಟು ಬಿಚ್ಚುವ ಮುನ್ನ, ಒಂದು ಪುಟ ಓದಿ ಅದರ ಸಾರ ಬರೆಯಬೇಕು. ನಕಾಶೆಯಲ್ಲಿ ಎರಡು ಊರುಗಳ ದಿಕ್ಕು ದೂರ ಅಳೆಯಬೇಕು. ಮೊದಮೊದಲು ಆಗುವ ತಪ್ಪುಗಳು ತಿಂಗಳೊಪ್ಪತ್ತಿನಲ್ಲಿ ತಗ್ಗುತ್ತವೆ.

ನಿದ್ದೆಗೆಡುವುದನ್ನು ಮಾತ್ರ ಅಭ್ಯಾಸ ಮಾಡಲಾಗದು. ಸೀಲ್ ಅಭ್ಯರ್ಥಿಗಳ ಮೇಲೆ ಹೆಲ್ ವೀಕ್‌ನಲ್ಲಿ ನಡೆದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 72 ಗಂಟೆಯ ಬಳಿಕ ಗಮನ, ನೆನಪು, ತೀರ್ಮಾನಶಕ್ತಿ ಎಲ್ಲವೂ ಕುಸಿದಿದ್ದವು. 200 ಮಿಲಿಗ್ರಾಂ ಕೆಫೀನ್ ಗಮನವನ್ನು ಅಷ್ಟಿಷ್ಟು ಎತ್ತಿತು, ಮೊದಲಿನಂತೆ ಮಾಡಲಿಲ್ಲ. ಉಲ್ಟಾ ದಿಕ್ಕಿನಲ್ಲಿ ಒಂದು ಲಾಭವಿದೆ. ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಿದ್ದೆಗೇಡಿನ ವಾರಕ್ಕೆ ಮುನ್ನ ಒಂದು ವಾರ ದಿನಕ್ಕೆ ಹತ್ತು ಗಂಟೆ ಹಾಸಿಗೆಯಲ್ಲಿ ಕಳೆದವರು ಎಂದಿನಂತೆ ಮಲಗಿದವರಿಗಿಂತ ಎಚ್ಚರವಾಗಿದ್ದರು, ಆಮೇಲೆ ಬೇಗ ಚೇತರಿಸಿಕೊಂಡರು. ಹಾಗಾಗಿ ಕೊನೆಯ ಎರಡು ವಾರಗಳಲ್ಲಿ ಓಟದ ದೂರವನ್ನು ಅರ್ಧಕ್ಕಿಳಿಸಿ, ಬೆನ್ನಿನ ಭಾರವನ್ನು ಪೂರ್ತಿ ಕೆಳಗಿಟ್ಟು, ಬೇಗ ಮಲಗಿ ತಡವಾಗಿ ಏಳುವುದೇ ಸರಿ. ಆ ಹದಿನಾಲ್ಕು ದಿನದಲ್ಲಿ ಹೊಸದಾಗಿ ಬಲ ಗಳಿಸಲು ದೇಹಕ್ಕೆ ಸಮಯವಿಲ್ಲ. ದಣಿವು ಇಳಿಸಿಕೊಳ್ಳಲು ಮಾತ್ರ ಸಮಯವಿದೆ.